ಹದಿನಾಲ್ಕನೇ ದಿಬ್ಬದ ಸಾಕ್ಷಿ

ತರೋಲಾ, ಕಿಬಾಂಗ್ ಅಂತ ಎರಡು ದೇಶಗಳು. ಅಕ್ಕಪಕ್ಕದವು, ಪರಮ ಸ್ನೇಹಿತರು. ಈ ದೇಶದ ಅಧ್ಯಕ್ಷರ ಮಗಳ ಮದುವೆಗೆ ಆ ದೇಶದ ಅಧ್ಯಕ್ಷರು ಮೂರು ದಿನ ಮೊದಲೇ ಹೋಗಿ ಚಪ್ಪರದ ಉಸ್ತುವಾರಿ ನೋಡಿಕೊಳ್ಳುತ್ತಾರೆ. ಆ ದೇಶದಲ್ಲಿ ನೆರೆ ಬಂದರೆ ಈ ದೇಶ ಕಂಬಳಿ ಕಳಿಸುತ್ತದೆ. ಪ್ರೀತಿ ಹೀಗೆ ಉಕ್ಕಿ ಹರಿಯುತ್ತಿರುವಾಗಲೇ ಇಬ್ಬರೂ ಇಪ್ಪತ್ತೆರಡು ವರ್ಷಗಳಿಂದ ಸಮುದ್ರದ ನಡುವಿನ ಒಂದು ಮರಳು ದಿಬ್ಬಕ್ಕಾಗಿ ವ್ಯಾಜ್ಯ ನಡೆಸುತ್ತಿದ್ದಾರೆ. ವ್ಯಾಜ್ಯ ಎನ್ನಬಾರದಂತೆ. ‘ಸೋದರ ರಾಷ್ಟ್ರಗಳ ನಡುವಿನ ಸಣ್ಣ ಸ್ಪಷ್ಟೀಕರಣ’ ಎನ್ನಬೇಕಂತೆ. ಆ ಸಣ್ಣ ಸ್ಪಷ್ಟೀಕರಣದ ಕಡತಗಳನ್ನು ಲಂಡನ್ನಿನ ಫ್ಲೀಟ್ ಸ್ಟ್ರೀಟ್ ಹತ್ತಿರ ವಿಚಾರಣೆ ನಡೆಯುವ ಬಾಡಿಗೆ ಸಭಾಂಗಣಕ್ಕೆ ಸಾಗಿಸಲು ಎರಡು ವ್ಯಾನು ಬೇಕಾದವು.

ದಿಬ್ಬ ಎಷ್ಟು ದೊಡ್ಡದು ಎಂದರೆ ನಮ್ಮ ಸಟನ್ನಿನಲ್ಲಿ ಸೂಪರ್‌ಮಾರ್ಕೆಟ್ಟಿನ ಹಿಂದೆ ಇರುವ ಕಾರ್ ಪಾರ್ಕಿನಷ್ಟು. ತರೋಲಾದವರು ಅದಕ್ಕೆ ‘ರಾಣಿ ದ್ವೀಪ’ ಎಂದು ಹೆಸರಿಟ್ಟು ಅಂಚೆಚೀಟಿ ಹೊರಡಿಸಿದ್ದಾರೆ. ಕಿಬಾಂಗಿನವರ ಕಾಗದಗಳಲ್ಲಿ ಅದು ಬರೀ ‘ಹದಿನಾಲ್ಕನೇ ದಿಬ್ಬ’. ಕಾನೂನು ಮಾತ್ರ ಸರಳ. ಉಬ್ಬರ ಬಂದಾಗಲೂ ನೀರಿನ ಮೇಲೆ ಉಳಿಯುವ ನೆಲವಾದರೆ ಅದು ದ್ವೀಪ, ಸುತ್ತ ಹನ್ನೆರಡು ಮೈಲಿ ಸಮುದ್ರ ಅದರ ಒಡೆಯನದು. ಉಬ್ಬರಕ್ಕೆ ಮುಳುಗುವುದಾದರೆ ಅದು ದಿಬ್ಬ, ಅದಕ್ಕೆ ಒಂದು ಬಕೆಟ್ ನೀರೂ ಸೇರುವುದಿಲ್ಲ. ಆ ಹನ್ನೆರಡು ಮೈಲಿಯ ತಳದಲ್ಲಿ ಗ್ಯಾಸ್ ಇದೆ ಎಂಬುದು ತೀರಾ ಆಕಸ್ಮಿಕ. ಎರಡೂ ಕಡೆಯ ವಕೀಲರು ಅದನ್ನು ಬಾಯಿತಪ್ಪಿಯೂ ಎತ್ತುತ್ತಿರಲಿಲ್ಲ.

ಒಂದು ದೋಣಿ ಮಾಡಿಕೊಂಡು ಹೋಗಿ ನೋಡಿ ಬಂದರಾಯಿತಲ್ಲ ಎಂದು ನಿಮಗೆ ಅನಿಸಿದರೆ, ನನಗೂ ಹಾಗೇ ಅನಿಸಿತ್ತು. ನಾವು ಕಾನೂನು ಓದಿದವರಲ್ಲ. ಪ್ರಶ್ನೆ ಇರುವುದು ದಿಬ್ಬ ಈಗ ಹೇಗಿದೆ ಎಂಬುದಲ್ಲ, ಗಡಿ ಒಪ್ಪಂದಕ್ಕೆ ಸಹಿ ಬಿದ್ದ 1986ನೇ ಇಸವಿಯಲ್ಲಿ ಹೇಗಿತ್ತು ಎಂಬುದು. ಈಗಂತೂ ತರೋಲಾ ಅದರ ಮೇಲೆ ಹಡಗುಗಟ್ಟಲೆ ಸಿಮೆಂಟು ಸುರಿದು ಬಾವುಟ ನೆಟ್ಟಿದೆ. ಆ ಸಿಮೆಂಟು ಸರಬರಾಜು ಮಾಡಿದ್ದು ಕಿಬಾಂಗ್. ಸ್ನೇಹ ಬೇರೆ, ಸ್ಪಷ್ಟೀಕರಣ ಬೇರೆ.

ಇದರಲ್ಲಿ ಬೆಂಗಳೂರಿನ ಕಲ್ಯಾಣಿಗೆ ಏನು ಕೆಲಸ? ಗಂಡನ ವರ್ಕ್ ವೀಸಾದ ಬಾಲ ಹಿಡಿದು ಇಲ್ಲಿಗೆ ಬಂದವಳು ನಾನು. ಹದಿನಾರು ವರ್ಷದಿಂದ ಕನ್ನಡ ದುಭಾಷಿಯಾಗಿ ದುಡಿಯುತ್ತಿದ್ದೇನೆ. ಜಿಪಿ ಡಾಕ್ಟರು ಕೇಳುವ ‘ಎಲ್ಲಿ ನೋವು’ ಎಂಬುದನ್ನು ಈ ಕಡೆಗೂ, ಅತ್ತೆಯರು ಹೇಳುವ ‘ಎಲ್ಲಾ ಕಡೆ’ ಎಂಬುದನ್ನು ಆ ಕಡೆಗೂ ದಾಟಿಸುವುದು ನನ್ನ ವೃತ್ತಿ. ಒಂದು ಸೋಮವಾರ ತರೋಲಾದ ಪರ ವಾದಿಸುವ ದೊಡ್ಡ ಕಾನೂನು ಕಂಪನಿಯೊಂದು ಕರೆಯಿತು. ಹಳೆಯ ಕನ್ನಡ ಕಾಗದವೊಂದಿದೆ, ಎರಡು ದೇಶಗಳ ಭವಿಷ್ಯ ಅದರ ಮೇಲೆ ನಿಂತಿದೆ, ಬೇಗ ಬನ್ನಿ ಅಂದರು.

ಹೋದೆ. ಗಾಜಿನ ಕೋಣೆಯಲ್ಲಿ ಪ್ಲಾಸ್ಟಿಕ್ಕಿನೊಳಗೆ ಇಟ್ಟಿದ್ದ ಕಾಗದವನ್ನು ಕೈಗವಸು ಹಾಕಿಸಿ ನನ್ನ ಮುಂದಿಟ್ಟರು. ದುಂಡಗಿನ ಕನ್ನಡ ಅಕ್ಷರ, ಒಂದೂ ತಪ್ಪದೆ ಗಟ್ಟಿಯಾಗಿ ಓದಿದೆ. ಓದಿ ಮುಗಿಸಿದಾಗ ನನಗೆ ಒಂದು ವಾಕ್ಯವೂ ಅರ್ಥವಾಗಿರಲಿಲ್ಲ. ಅದು ಮಂಗಳೂರಿನ ಕ್ರಿಶ್ಚಿಯನ್ನರ ಕೊಂಕಣಿ. ಅವರು ಬರೆಯುವುದು ಕನ್ನಡ ಲಿಪಿಯಲ್ಲಿ. ಕಂಪನಿಯವರು ತಮ್ಮ ಐಟಿ ವಿಭಾಗದ ಹುಬ್ಬಳ್ಳಿಯ ಹುಡುಗನೊಬ್ಬನಿಗೆ ಕಾಗದವನ್ನು ದೂರದಿಂದ ತೋರಿಸಿದ್ದರಂತೆ. ಅವನು ‘ನಮ್ಮ ಕನ್ನಡ ಐತಿ’ ಎಂದು ಹೆಬ್ಬೆರಳೆತ್ತಿ ಹೋಗಿದ್ದಾನೆ.

“ಇದು ಬೇರೆ ಭಾಷೆ,” ಅಂದೆ.

“ಎಷ್ಟು ಬೇರೆ?” ಎಂದಳು ತರೋಲಾದ ವಕೀಲೆ. ಸಮುದ್ರವನ್ನು ಮೀಟರುಗಳಲ್ಲಿ ಅಳೆಯುವ ಹೆಂಗಸು ಭಾಷೆಯನ್ನೂ ಹಾಗೇ ಅಳೆದಾಳು ಎಂದು ಗೊತ್ತಿದ್ದರೆ ಟೇಪು ಒಯ್ಯುತ್ತಿದ್ದೆ. ಹೊಸ ದುಭಾಷಿಯನ್ನು ಹುಡುಕಲು ಸಮಯವಿರಲಿಲ್ಲ. ಕೊನೆಗೆ ಅವರೇ ದಾರಿ ಕಂಡುಕೊಂಡರು. ಕಾಗದ ಬರೆದವರು ಬದುಕಿದ್ದಾರೆ, ಇಲ್ಲೇ ಲಂಡನ್ನಿನ ಹೇಸ್‌ನಲ್ಲಿ ಇದ್ದಾರೆ, ಕನ್ನಡ ಶಾಲೆಯಲ್ಲಿ ಓದಿದವರು. ಅವರು ನನಗೆ ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿಗೆ ಹಾಕುವುದು. ಮುಂದೆ ಸಾಕ್ಷಿ ಹೇಳುವಾಗಲೂ ಹಾಗೇ.

ಹೇಸ್‌ನಲ್ಲಿ ಎಲಿಜಬೆತ್ ಲೈನಿನ ಸ್ಟೇಷನ್ನಿಂದ ಹತ್ತು ನಿಮಿಷ ನಡೆದರೆ ಸ್ಟ್ಯಾನಿಸ್ಲಾಸರ ಮನೆ. ಸಾಲುಮನೆಗಳಲ್ಲಿ ಒಂದು. ಅರವತ್ತನಾಲ್ಕರ ಸಪೂರ ಮನುಷ್ಯ, ಹಡಗಿನಲ್ಲಿ ಅಡುಗೆಯವರಾಗಿ ಶುರುಮಾಡಿ, ಕೊನೆಗೆ ಹೀಥ್ರೋ ಹತ್ತಿರದ ಗೋದಾಮಿನಲ್ಲಿ ನಿವೃತ್ತರಾದವರು. ಬಾಗಿಲು ತೆರೆದದ್ದು ಅವರ ಹೆಂಡತಿ ಪೆಟ್ರೀಷಿಯಾ. ಎಲ್ಲ ಅನಾಹುತಕ್ಕೂ ಮೂಲ ಆಕೆಯೇ. ಆಕೆ ಎಲ್ಲವನ್ನೂ ನಗುತ್ತಲೇ ಹೇಳಿದರು, ಮಧ್ಯೆ ಒಮ್ಮೆ ಮಾತ್ರ ಕಣ್ಣೊರೆಸಿಕೊಂಡರು.

ಪೆಟ್ರೀಷಿಯಾರಿಗೆ ಓಸ್ವಿನ್ ಅಂತ ಒಬ್ಬ ಅಣ್ಣ. ಅವನೂ ಸ್ಟ್ಯಾನಿಸ್ಲಾಸರೂ 1986ರಲ್ಲಿ ಸಮುದ್ರದ ಆಳ ಅಳೆಯುವ ಒಂದು ಸರ್ವೆ ಹಡಗಿನಲ್ಲಿ ಒಟ್ಟಿಗೆ ಅಡುಗೆ ಕೆಲಸಕ್ಕಿದ್ದರು. ಓಸ್ವಿನ್‌ಗೆ ಹೊಟ್ಟೆನೋವು ಬಂತು, ಮೂರು ದಿನಕ್ಕೆ ಪ್ರಾಣ ಹೋಯಿತು. ಬಂದರು ದೂರ. ಹಡಗಿನ ಐಸ್ ಕೋಣೆ ಮಾಂಸಕ್ಕೆ ಮಾತ್ರ ಎಂದು ಕ್ಯಾಪ್ಟನ್ ಹೇಳಿದ. ಹೆಣವನ್ನು ಸಮುದ್ರಕ್ಕೆ ಬಿಡುವುದೇ ಕ್ರಮ. ಆದರೆ ಓಸ್ವಿನ್ನನ ಅಪ್ಪ ಉದ್ಯಾವರ ಹೊಳೆಯ ಅಳಿವೆಯಲ್ಲಿ ದೋಣಿ ಮಗುಚಿ ಹೋದವರು, ಹೆಣವೂ ಸಿಕ್ಕಿರಲಿಲ್ಲ. ಮಗ ಹಡಗಿಗೆ ಹೊರಟಾಗ ಅಮ್ಮ ಸ್ಟ್ಯಾನಿಸ್ಲಾಸರ ಕೈಹಿಡಿದು ಕೇಳಿದ್ದು ಒಂದೇ: ಏನಾದರೂ ಆದರೆ ಇವನನ್ನೂ ನೀರಿಗೆ ಕೊಡಬೇಡ, ಮಣ್ಣಿಗೆ ಕೊಡು. ಸ್ಟ್ಯಾನಿಸ್ಲಾಸ್ ಕ್ಯಾಪ್ಟನ್ನನ ಕಾಲು ಹಿಡಿದು, ಕಂಡ ಒಂದು ದ್ವೀಪದಲ್ಲಿ ಸ್ನೇಹಿತನನ್ನು ಹೂತು, ಆ ತಾಯಿಗೆ ಕಾಗದ ಬರೆದರು. ಎರಡು ವರ್ಷದ ಮೇಲೆ ಆ ಮನೆಯ ಅಳಿಯನೂ ಆದರು.

ಅಮ್ಮ ಸಾಯುವವರೆಗೂ ಕಾಗದ ದಿಂಬಿನಡಿ ಇತ್ತಂತೆ. ಆಮೇಲೆ ಅದು ಪೆಟ್ರೀಷಿಯಾರ ಪ್ರಾರ್ಥನೆ ಪುಸ್ತಕದೊಳಗೆ ಬಂತು. ಪ್ರತಿ ನವೆಂಬರ್ ಎರಡಕ್ಕೆ, ಸತ್ತವರ ಹಬ್ಬದ ದಿನ, ಊರಿನವರೆಲ್ಲ ತಮ್ಮ ತಮ್ಮವರ ಸಮಾಧಿಗೆ ಮೇಣದಬತ್ತಿ ಹಚ್ಚುವಾಗ ಈಕೆ ಹೇಸ್‌ನ ಸ್ಮಶಾನದಲ್ಲಿ ಯಾರದೋ ಪಾಳುಬಿದ್ದ ಸಮಾಧಿ ಹುಡುಕಿ ಹಚ್ಚಿ ಬರುತ್ತಿದ್ದರು. ಕಳೆದ ವರ್ಷ ಟಿವಿಯಲ್ಲಿ ದಿಬ್ಬದ ಸುದ್ದಿ ಬಂತು, ಗಂಡ ಬಾಯಿತಪ್ಪಿ ‘ಓ, ಅದೇ ಜಾಗ’ ಅಂದರು. ಮರುದಿನವೇ ಈಕೆ ತರೋಲಾದ ರಾಯಭಾರ ಕಚೇರಿಗೆ ಪತ್ರ ಬರೆದರು: ನಿಮ್ಮ ದ್ವೀಪದಲ್ಲಿ ನನ್ನ ಅಣ್ಣನ ಸಮಾಧಿ ಇದೆ, ಒಮ್ಮೆ ನೋಡಲು ಬಿಡಿ. ಜೊತೆಗೆ ಕಾಗದದ ಒಂದು ಫೋಟೋ.

ಕಚೇರಿಯಲ್ಲಿ ಕುಣಿದಾಡಿರಬೇಕು. ಸಮಾಧಿ! ನೀರು ಮುಟ್ಟದ ಕಡೆಯಲ್ಲದೆ ಯಾರಾದರೂ ಹೂಳುತ್ತಾರೆಯೇ? ಇಪ್ಪತ್ತೆರಡು ವರ್ಷ ತಜ್ಞರು ಹುಡುಕಿ ಸಿಗದ ಸಾಕ್ಷ್ಯವನ್ನು ಉಡುಪಿ ಜಿಲ್ಲೆಯ ಒಬ್ಬ ಹೆಂಗಸು ಸ್ಟಾಂಪು ಹಚ್ಚಿ ಕಳಿಸಿದ್ದರು. ಮೂಲ ಕಾಗದವನ್ನೂ ತರಿಸಿಕೊಂಡ ತರೋಲಾ ಕೃತಜ್ಞತೆಗೆ ಮಾತು ಕೊಟ್ಟಿತು: ಗೆದ್ದ ಮೇಲೆ ನೌಕಾಪಡೆಯ ದೋಣಿಯಲ್ಲಿ ಕರೆದೊಯ್ದು, ಪಾದ್ರಿಯಿಂದ ಪ್ರಾರ್ಥನೆ ಮಾಡಿಸಿ, ಸಮಾಧಿಗೆ ಕಲ್ಲು ಇಡಿಸುತ್ತೇವೆ. ಒಂದೇ ಷರತ್ತು, ದೋಣಿ ಹತ್ತುವವರಿಗೆ ಇಪ್ಪತ್ತೈದು ಮೀಟರ್ ಈಜು ಬರಬೇಕು. ಅಪ್ಪ ಹೋದ ಮೇಲೆ ಪಾದ ಮುಳುಗುವಷ್ಟು ನೀರಿಗೂ ಇಳಿಯದಿದ್ದ ಪೆಟ್ರೀಷಿಯಾ ಅರವತ್ತೊಂದನೇ ವಯಸ್ಸಿನಲ್ಲಿ ಕೌನ್ಸಿಲ್‌ನ ಈಜುಕೊಳಕ್ಕೆ ಸೇರಿದರು. ಮಂಗಳವಾರ, ಗುರುವಾರ, ನಾಲ್ಕು ವರ್ಷದ ಮಕ್ಕಳ ಪಕ್ಕದಲ್ಲಿ.

ನಾನು ಎರಡನೇ ಸಲ ಹೋದದ್ದು ಒಂದು ಗುರುವಾರ. ಪೆಟ್ರೀಷಿಯಾ ಈಜಲು ಹೋಗಿದ್ದರು. ಅಡುಗೆಮನೆಯ ಮೇಜಿನ ಮೇಲೆ ಕಾಗದದ ಪ್ರತಿ. ಸ್ಟ್ಯಾನಿಸ್ಲಾಸರು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದರು. ನೆಲ ಎತ್ತರ ಉಂಟು. ಎರಡು ತೆಂಗಿನಮರ ಉಂಟು. ಅವುಗಳ ನೆರಳಿನಲ್ಲಿ ಮಲಗಿಸಿದ್ದೇವೆ. ಶಿಲುಬೆ ನೆಟ್ಟಿದ್ದೇವೆ. ನೀರು ಇಲ್ಲಿಗೆ ಮುಟ್ಟುವುದಿಲ್ಲ.

ಅಲ್ಲಿಗೆ ನಿಲ್ಲಿಸಿದರು. ಟೀ ಲೋಟ ತೆಗೆದುಕೊಂಡು ಹೋಗಿ ತೊಳೆದರು. ಅದರಲ್ಲಿ ಇನ್ನೂ ಅರ್ಧ ಟೀ ಇತ್ತು.

“ತೆಂಗಿನಮರ ಇರ್ಲಿಲ್ಲ ಮೇಡಂ,” ಅಂದರು, ಬೆನ್ನು ನನ್ನ ಕಡೆಗಿತ್ತು.

“ಅಂದ್ರೆ?”

“ಒಂದು ಹುಲ್ಲು ಸಹ ಇರ್ಲಿಲ್ಲ. ಬರೀ ಮರಳು. ಮಧ್ಯಾಹ್ನ ನೀರು ಇಳ್ದಿತ್ತು, ಹೊಂಡ ತೋಡಿ ಇಟ್ಟೆವು. ಸಂಜೆ ಐದು ಗಂಟೆಗೆ ಅಲ್ಲಿ ದಿಬ್ಬವೇ ಇರ್ಲಿಲ್ಲ. ಸಮುದ್ರ ಮಾತ್ರ.”

ನನಗೆ ಸಿಟ್ಟು ಬಂತು. ಅವರ ಮೇಲೋ, ಆ ಕಾಗದದ ಮೇಲೋ, ಗೊತ್ತಿಲ್ಲ. “ಅಂಕಲ್, ಇದನ್ನ ನನಗ್ಯಾಕೆ ಹೇಳ್ತಿದೀರಾ? ಕಾಗದದಲ್ಲಿ ಇರೋದನ್ನ ಇಂಗ್ಲಿಷ್‌ಗೆ ಹಾಕೋದಷ್ಟೇ ನನ್ನ ಕೆಲಸ. ಬುದ್ಧಿ ಹೇಳೋ ಹಾಗೂ ಇಲ್ಲ, ಬೇರೆಯವರಿಗೆ ಹೇಳೋ ಹಾಗೂ ಇಲ್ಲ.”

“ಅದಕ್ಕೇ ನಿಮ್ಗೆ ಹೇಳಿದ್ದು. ಪಾದ್ರಿಗೆ ಹೇಳಿ ಆಯ್ತು. ದೇವರ ಹತ್ರ ಕ್ಷಮೆ ಕೇಳು ಅಂದ್ರು. ದೇವರಿಗೆ ಮೊದ್ಲೇ ಗೊತ್ತುಂಟಲ್ಲ ಮಾರಾಯ್ರೆ. ಗೊತ್ತಿಲ್ಲದ್ದು ಪೆಟ್ರೀಷಿಯಾಗೆ.”

“ಹಾಗಾದ್ರೆ ಕೋರ್ಟಲ್ಲಿ ಏನು ಹೇಳ್ತೀರಾ?”

“ಅದೇ ತಲೆಬಿಸಿ. ಒಣಗಿಯೇ ಇತ್ತು ಅಂತ ಹೇಳಿದ್ರೆ ಯಾರಿಗೂ ಏನೂ ಗೊತ್ತಾಗುದಿಲ್ಲ. ಇವ್ಳು ಖುಷಿಯಲ್ಲಿ ಹೋಗ್ತಾಳೆ. ಆದ್ರೆ ಆ ಸಿಮೆಂಟಿನ ಮೇಲೆ ಇವ್ಳು ಮೊಣಕಾಲೂರಿ ಅಣ್ಣ ಅಣ್ಣ ಅಂತ ಅಳುದನ್ನು ನಾನು ಪಕ್ಕದಲ್ಲಿ ನಿಂತು ನೋಡ್ಬೇಕಲ್ಲ. ಅವಳಮ್ಮನಿಗೆ ಒಂದು ಸುಳ್ಳು ಬರ್ದೆ, ಆಯ್ತು. ಈಗ ಅದಕ್ಕೆ ಕಲ್ಲು ಇಡ್ಲಿಕ್ಕೆ ಹೊರಟಿದ್ದಾರೆ.”

ಅಷ್ಟರಲ್ಲಿ ಪೆಟ್ರೀಷಿಯಾ ಬಂದರು, ಕೂದಲು ಒದ್ದೆ, ಕೈಯಲ್ಲಿ ಒಂದು ಸರ್ಟಿಫಿಕೇಟು. ಹತ್ತು ಮೀಟರ್ ಪಾಸಂತೆ. ನಾವಿಬ್ಬರೂ ಚಪ್ಪಾಳೆ ತಟ್ಟಿದೆವು. ನಾನು ಮನೆಗೆ ಹೋಗಿ ಆ ಸುಳ್ಳನ್ನು ಅಕ್ಷರವೂ ಬಿಡದೆ, ಅತ್ಯಂತ ನಿಷ್ಠೆಯಿಂದ ಇಂಗ್ಲಿಷಿಗೆ ಅನುವಾದಿಸಿ, ಕೆಳಗೆ ಸಹಿ ಹಾಕಿದೆ. ತೆಂಗಿನಮರಗಳನ್ನು ಓದಿ ವಕೀಲೆಗೆ ಆದ ಸಂತೋಷ ನೋಡಬೇಕಿತ್ತು. ‘ಸಸ್ಯಸಂಪತ್ತು’ ಎಂದು ಪಕ್ಕದಲ್ಲಿ ಬರೆದು ಎರಡು ಗೆರೆ ಎಳೆದಳು. ಎರಡು ವಾರದ ನಂತರದ ವಾದಪತ್ರದಲ್ಲಿ ಅದು ‘ತೆಂಗಿನ ತೋಪು’ ಆಗಿತ್ತು.

ವಿಚಾರಣೆ ಒಂದು ಬುಧವಾರ. ಮೂವರು ನ್ಯಾಯಮೂರ್ತಿಗಳು, ಎಡಕ್ಕೆ ತರೋಲಾ, ಬಲಕ್ಕೆ ಕಿಬಾಂಗ್. ಎರಡೂ ಕಡೆಯ ಹಿರಿಯ ವಕೀಲರು ಒಂದೇ ಚೇಂಬರ್ಸಿನವರು. ಬೆಳಿಗ್ಗೆ ಒಂದೇ ಟ್ಯಾಕ್ಸಿಯಲ್ಲಿ ಬಂದಿಳಿದು, ಬಾಗಿಲಲ್ಲಿ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಟ್ಟು, ಒಳಗೆ ಎದುರುಬದುರು ಕೂತು ಬೈದಾಡಿಕೊಂಡರು. ಬೈಗುಳವೆಂದರೆ ‘ನನ್ನ ವಿದ್ವಾಂಸ ಮಿತ್ರರು ಬಹುಶಃ ಉಬ್ಬರದ ಕೋಷ್ಟಕವನ್ನು ತಲೆಕೆಳಗಾಗಿ ಹಿಡಿದಿದ್ದಾರೆ’ ಎನ್ನುವಷ್ಟು. ಪೆಟ್ರೀಷಿಯಾ ಮೂರನೇ ಸಾಲಿನಲ್ಲಿ ಹಸಿರು ಸೀರೆಯುಟ್ಟು ಕೂತಿದ್ದರು. ಮಡಿಲಲ್ಲಿದ್ದ ಬ್ಯಾಗಿನೊಳಗೆ ಇಪ್ಪತ್ತೈದು ಮೀಟರಿನ ಸರ್ಟಿಫಿಕೇಟು ಇದೆ ಎಂದು ಲಿಫ್ಟಿನಲ್ಲೇ ನನಗೆ ತೋರಿಸಿದ್ದರು. ಊರಿನ ಚರ್ಚಿನಲ್ಲಿ ಅಣ್ಣನ ಹೆಸರಿಗೆ ಪೂಜೆಯನ್ನೂ ಹೇಳಿಸಿದ್ದರಂತೆ.

ಸ್ಟ್ಯಾನಿಸ್ಲಾಸರು ಬೈಬಲ್ ಮುಟ್ಟಿ ಪ್ರಮಾಣ ಮಾಡಿದರು. ನಾನೂ ನನ್ನ ಪ್ರಮಾಣ ಮಾಡಿ ಅವರ ಪಕ್ಕದ ಕುರ್ಚಿಯಲ್ಲಿ ಕೂತೆ.

“ಈ ಕಾಗದದ ಕೈಬರಹ ನಿಮ್ಮದೇ?” ವಕೀಲೆ ಕೇಳಿದಳು. ನಾನು ಕನ್ನಡಕ್ಕೆ ತಂದೆ.

“ಹೌದು.”

“ಅದರಲ್ಲಿ ಬರೆದಿರುವುದೆಲ್ಲ ಸತ್ಯವೇ?”

ಇದು ಬರೀ ಶಾಸ್ತ್ರಕ್ಕೆ ಕೇಳುವ ಪ್ರಶ್ನೆ. ಎಲ್ಲರೂ ಹೌದು ಎನ್ನುತ್ತಾರೆ, ಮುಂದಿನದಕ್ಕೆ ಹೋಗುತ್ತಾರೆ. ವಕೀಲೆ ಆಗಲೇ ಮುಂದಿನ ಪುಟ ತಿರುಗಿಸುತ್ತಿದ್ದಳು. ಸ್ಟ್ಯಾನಿಸ್ಲಾಸರು ಮೂರನೇ ಸಾಲನ್ನು ನೋಡಿದರು. ಪೆಟ್ರೀಷಿಯಾ ಧೈರ್ಯ ಹೇಳುವ ಹಾಗೆ ತಲೆಯಾಡಿಸಿದರು.

“ಅಲ್ಲ,” ಅಂದರು ಅವರು. “ನೀರು ಮುಟ್ಟುದಿಲ್ಲ ಅಂತ ಬರ್ದದ್ದು ಸುಳ್ಳು. ತೆಂಗಿನಮರ ಸುಳ್ಳು. ಶಿಲುಬೆ ಸುಳ್ಳು. ಅದು ದಿನಕ್ಕೆ ಎರಡು ಸಲ ಮುಳುಗ್ತದೆ. ಓಸ್ವಿನ್ನನ್ನು ನಾನು ನೀರಿಗೇ ಕೊಟ್ಟದ್ದು.”

ಕನ್ನಡದಲ್ಲಿ ಹೇಳಿದ್ದು. ಆ ಇಡೀ ಸಭಾಂಗಣದಲ್ಲಿ ಅದು ತಿಳಿದದ್ದು ನನಗೆ ಮತ್ತು ಮೂರನೇ ಸಾಲಿನ ಹಸಿರು ಸೀರೆಗೆ ಮಾತ್ರ. ನ್ಯಾಯಮೂರ್ತಿಗಳು, ವಕೀಲರು, ಎರಡು ದೇಶಗಳಿಂದ ಬಂದಿದ್ದ ಮಂತ್ರಿಗಳು, ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನಾನು ಪೆಟ್ರೀಷಿಯಾರನ್ನು ನೋಡುತ್ತಿದ್ದೆ. ಆಕೆಯ ಮುಖದಲ್ಲಿ ನಗು ಇನ್ನೂ ಅಲ್ಲೇ ಇತ್ತು, ಅದನ್ನು ಎಲ್ಲಿಡಬೇಕು ಎಂದು ಗೊತ್ತಾಗದ ಹಾಗೆ. ದುಭಾಷಿ ‘ಅವರು ಹೇಳುತ್ತಾರೆ’ ಎನ್ನುವಂತಿಲ್ಲ, ‘ನಾನು’ ಎಂದೇ ಹೇಳಬೇಕು. ಹೇಳಿದೆ. ಅವನನ್ನು ನಾನು ನೀರಿಗೇ ಕೊಟ್ಟೆ ಎಂದು, ಶುದ್ಧ ಇಂಗ್ಲಿಷಿನಲ್ಲಿ, ಮೈಕಿನಲ್ಲಿ. ಹದಿನಾರು ವರ್ಷದಲ್ಲಿ ನನ್ನ ಕೆಲಸವನ್ನು ಅಷ್ಟು ದ್ವೇಷಿಸಿದ್ದು ಅದೇ ಮೊದಲು.

ತರೋಲಾದ ಕಡೆ ಪೆನ್ನುಗಳು ಕೆಳಗಿಳಿದವು. ಕಿಬಾಂಗಿನ ಕಡೆ ಯಾರೂ ನಗಲಿಲ್ಲ, ಸ್ನೇಹಿತರಲ್ಲವೇ. ವಕೀಲೆ ಎದ್ದು ಅರ್ಧ ಗಂಟೆ ಬಿಡುವು ಬೇಡಿದಳು. ನ್ಯಾಯಪೀಠದ ಅಧ್ಯಕ್ಷರು ಕೊಟ್ಟರು, ಕೊಟ್ಟು ಸಾಕ್ಷಿಗೆ ನೆನಪಿಸಿದರು: ನಿಮ್ಮ ಸಾಕ್ಷ್ಯ ಮುಗಿದಿಲ್ಲ, ಮುಗಿಯುವವರೆಗೆ ನೀವು ಯಾರೊಂದಿಗೂ ಮಾತನಾಡುವಂತಿಲ್ಲ.

ಯಾರೊಂದಿಗೂ ಎಂದರೆ ಹೆಂಡತಿಯೊಂದಿಗೂ. ಪೆಟ್ರೀಷಿಯಾ ಎದ್ದು ಎರಡು ಹೆಜ್ಜೆ ಬಂದಿದ್ದರು, ಸಭಾಂಗಣದ ಶಿಸ್ತು ನೋಡಿಕೊಳ್ಳುವ ಅಷರ್ ಬಹಳ ವಿನಯದಿಂದ ಅಡ್ಡ ನಿಂತ. ಆಕೆ ವಾಪಸು ಹೋಗಿ ಕೂತರು. ಎಲ್ಲರೂ ಕಾಫಿಗೆ ಹೋದರು. ಆ ಅರ್ಧ ಗಂಟೆ ನಲವತ್ತು ವರ್ಷದ ಸುಳ್ಳು ಹೊರಬಿದ್ದ ಗಂಡ ಮೇಜಿನ ಹಿಂದೆ, ಅದನ್ನು ಕೇಳಿದ ಹೆಂಡತಿ ಮೂರನೇ ಸಾಲಿನಲ್ಲಿ, ನಡುವೆ ನಾನು ಮತ್ತು ಅಷರ್. ಆಕೆ ಅವರನ್ನು ಒಮ್ಮೆಯೂ ನೋಡಲಿಲ್ಲ. ಅವರು ಬೇರೇನನ್ನೂ ನೋಡಲಿಲ್ಲ. ಎರಡು ದೇಶಗಳು ಗೆರೆ ಎಳೆಯಲು ಇಪ್ಪತ್ತೆರಡು ವರ್ಷ ಒದ್ದಾಡಿದ್ದವು. ಅವರಿಬ್ಬರ ಮಧ್ಯೆ ಅಷರ್ ಒಂದು ಕೈ ಚಾಚಿ ಅರ್ಧ ನಿಮಿಷದಲ್ಲಿ ಎಳೆದ.

ಅರ್ಧ ಗಂಟೆ ಐವತ್ತು ನಿಮಿಷವಾಯಿತು. ಬಾಗಿಲು ತೆರೆದಾಗ ಎರಡೂ ದೇಶದ ಮಂತ್ರಿಗಳು ಹೆಗಲ ಮೇಲೆ ಕೈಹಾಕಿಕೊಂಡು ಬಂದರು. ಸೋದರತ್ವದ ದೃಷ್ಟಿಯಿಂದ ಆ ಸಮುದ್ರವನ್ನು ಸಮಪಾಲು ಮಾಡಿಕೊಂಡು, ಒಟ್ಟಿಗೇ ಅಭಿವೃದ್ಧಿ ಮಾಡುವುದೆಂದು ತೀರ್ಮಾನವಾಗಿದೆಯಂತೆ. ಒಪ್ಪಂದವನ್ನು ಓದಿದರು, ನಲವತ್ತೊಂದು ಪುಟ, ಬೈಂಡ್ ಮಾಡಿ, ಎರಡು ದೇಶದ ಲಾಂಛನ ಅಚ್ಚು ಹಾಕಿದ್ದು. ಐವತ್ತು ನಿಮಿಷದಲ್ಲಿ ಅಷ್ಟು ಕೆಲಸ ಮಾಡುವ ಪ್ರೆಸ್ಸು ಲಂಡನ್ನಿನಲ್ಲಿ ನನಗಂತೂ ಗೊತ್ತಿಲ್ಲ. ಯಾವ ಕಡೆಗೂ ಮುಜುಗರ ಆಗಬಾರದೆಂದು ಈ ದಿನದ ಸಾಕ್ಷ್ಯವನ್ನು ದಾಖಲೆಯಿಂದ ತೆಗೆಯಲು ಇಬ್ಬರೂ ಕೋರಿದರು. ಅಧ್ಯಕ್ಷರು ಒಪ್ಪಿದರು. ಆ ಮನುಷ್ಯ ಹೇಳಿದ ಮಾತನ್ನು ಹೇಳಿಯೇ ಇರಲಿಲ್ಲ ಎಂದು ಕಾನೂನಿನ ಪ್ರಕಾರ ತೀರ್ಮಾನವಾಯಿತು. ದ್ವೀಪವೋ ದಿಬ್ಬವೋ ಎಂಬ ಪ್ರಶ್ನೆಯನ್ನು ಮುಂದಿನ ಪೀಳಿಗೆಗೆ ಬಿಟ್ಟರು. ನೌಕಾಪಡೆಯ ದೋಣಿಯ ಮಾತು ಯಾರೂ ಎತ್ತಲಿಲ್ಲ.

“ಸಾಕ್ಷಿ ಹೋಗಬಹುದು,” ಎಂದರು ಅಧ್ಯಕ್ಷರು. “ಈಗ ಯಾರೊಂದಿಗೆ ಬೇಕಾದರೂ ಮಾತನಾಡಬಹುದು.”

ಸ್ಟ್ಯಾನಿಸ್ಲಾಸರು ಏಳಲಿಲ್ಲ. ಎದ್ದದ್ದು ಪೆಟ್ರೀಷಿಯಾ. ನಡೆದು ಬಂದು ಮೇಜಿನ ಆಚೆ ನಿಂತರು. ಹಿಂದೆ ಎರಡೂ ದೇಶದವರು ಫೋಟೋಗೆ ಸಾಲುಗಟ್ಟುತ್ತಿದ್ದರು, ಯಾರೋ ನಮ್ಮನ್ನು ಸ್ವಲ್ಪ ಪಕ್ಕಕ್ಕೆ ಸರಿಯಲು ಕೇಳಿದರು. ನಾವು ಸರಿಯಲಿಲ್ಲ. ಆಕೆ ಕೊಂಕಣಿಯಲ್ಲಿ ಮಾತಾಡಿದರು. ಮೂರು ವಾರ ಆ ಕಾಗದದ ಜೊತೆ ಕೂತಿದ್ದ ನನಗೆ ಅಷ್ಟು ತಿಳಿಯಿತು.

“ನೀರು ಬರುವಾಗ ನೀನು ಎಲ್ಲಿದ್ದೆ? ಹಡಗಿನಲ್ಲಾ?”

“ಅಲ್ಲ. ಅಲ್ಲೇ.”

“ಅಲ್ಲೇ ಅಂದ್ರೆ?”

“ಅವನ ಹತ್ತಿರ. ಉಳಿದವರು ದೋಣಿ ಹತ್ತಿದರು, ನಾನು ಹತ್ತಲಿಲ್ಲ. ಕ್ಯಾಪ್ಟನ್ ಹಾರ್ನ್ ಹೊಡೀತಾ ಇದ್ದ. ನೀರು ಇಲ್ಲಿಗೆ ಬರುವವರೆಗೆ ನಿಂತಿದ್ದೆ.” ಎದೆ ತೋರಿಸಿದರು. “ಆಮೇಲೆ ಬಂದು ಎಳ್ಕೊಂಡು ಹೋದ್ರು.”

“ನಿನಗೆ ಈಜು ಬರ್ತಿತ್ತಾ?”

“ಇಲ್ಲ.”

ಪೆಟ್ರೀಷಿಯಾ ಮೇಜಿನ ಮೇಲಿದ್ದ ಕಾಗದವನ್ನು ಪ್ಲಾಸ್ಟಿಕ್ಕಿನಿಂದ ಹೊರಗೆಳೆದರು. ಯಾರೂ ತಡೆಯಲಿಲ್ಲ, ಅದು ಈಗ ಯಾವ ದೇಶಕ್ಕೂ ಬೇಡವಾದ ಕಾಗದ. ಅದನ್ನು ಗಂಡನ ಎದೆಗೆ ಒತ್ತಿ ಹಿಡಿದು, ಇಡೀ ಸಭಾಂಗಣ ತಿರುಗಿ ನೋಡುವ ಹಾಗೆ ಕೂಗಿದರು.

“ಮತ್ತೆ ಇದನ್ನು ಯಾಕೆ ಬರೀಲಿಲ್ಲ? ತೆಂಗಿನಮರ ಬರ್ದೆ, ಶಿಲುಬೆ ಬರ್ದೆ. ನನ್ನ ಅಮ್ಮ, ಮಗ ಅಲ್ಲಿ ಒಬ್ಬನೇ ಇದ್ದಾನೆ, ಒಬ್ಬನೇ ಇದ್ದಾನೆ ಅಂತ ಅಳ್ತಾ ಅಳ್ತಾ ಸತ್ತಳು. ನೀನು ಇದ್ದೆ ಅಂತ ಯಾಕೆ ಬರೀಲಿಲ್ಲ?”